ಪರಿಮಾಣವು ಲಕ್ಷಣವಾಗಬಲ್ಲುದೆ?

ಶಾಸನಗಳಲ್ಲಿ ಬರುವ ಪರಿಭಾಷಾವಾಕ್ಯಗಳನ್ನು ವಿಮರ್ಶಿಸುವುದು ಸಾಹಿತ್ಯಪತ್ರಿಕೆಯ ಕಾರ್ಯವಲ್ಲವೆಂದು ಕೆಲವರು ಭಾವಿಸಬಹುದು. ಆದರೆ ಕಾವ್ಯಕ್ಕೆ ಲಕ್ಷಣವೇನು, ರಸಕ್ಕೆ ಲಕ್ಷಣವೇನು ಎಂದು ಶತಮಾನಗಳಿಂದ ವಾದಿಸುತ್ತ ಬಂದಿರುವ ನಮ್ಮ ಪರಂಪರೆಗೆ, ‘ಇಂಥದು ಇಂಥ ಹೆಸರಿಗೆ ಅರ್ಹವು’ ಎಂದು ವಿಧಿಸುವ ವಾಕ್ಯವು ಎಲ್ಲಿ ಬಂದರೂ ಪರೀಕ್ಷಾರ್ಹವೇ ಸರಿ. ಅಲಂಕಾರಶಾಸ್ತ್ರದಲ್ಲಿ ಲಕ್ಷಣವು ದುಷ್ಟವಾದರೆ ಒಂದು ಗ್ರಂಥಕ್ಕೆ ಕುಂದುಂಟಾಗುವುದು. ಶಾಸನದಲ್ಲಿ ಲಕ್ಷಣವು ದುಷ್ಟವಾದರೆ ಹೊಳೆಗೂ ಕಾಡಿಗೂ ಪ್ರಜೆಗಳ ಹಣಕ್ಕೂ ಕುಂದುಂಟಾಗುವುದು. ಆದುದರಿಂದ ವಿದ್ಯುಚ್ಛಕ್ತಿಯ ವಿಷಯದಲ್ಲಿ ಈಚಿನ ಶಾಸನಕಾರರು ಮಾಡಿರುವ ಒಂದು ಲಕ್ಷಣವನ್ನು ಪರಿಶೀಲಿಸಲು ಇಲ್ಲಿ ಉದ್ಯುಕ್ತರಾಗಿದ್ದೇವೆ. ಯಂತ್ರಶಾಸ್ತ್ರದ ವಿಚಾರವು ಎಷ್ಟು ಅಗತ್ಯವೋ ಅಷ್ಟೇ ಇದರಲ್ಲಿ ಬರುವುದು. ಪ್ರಧಾನವಾದುದು ಪದ ಮತ್ತು ವಾಕ್ಯಗಳ ವಿಚಾರವೇ.

ಮೊದಲು ಪದವನ್ನು ನೋಡೋಣ. ಕಲ್ಲಿದ್ದಲು, ಎಣ್ಣೆ ಮುಂತಾದವು ಒಮ್ಮೆ ಉರಿದರೆ ತೀರಿಹೋಗುವುವು. ಬಿಸಿಲು, ಗಾಳಿ, ಹರಿಯುವ ನೀರು ಬಳಸಿದ ಬಳಿಕವೂ ಮತ್ತೆ ಒದಗುವುವು. ಈ ಎರಡನೆಯ ವರ್ಗವನ್ನು ಕನ್ನಡದಲ್ಲಿ ‘ನವೀಕರಿಸಬಹುದಾದ ಇಂಧನ’ವೆಂದು ಕರೆಯುವುದು ರೂಢಿಗೆ ಬಂದಿದೆ. ರೂಢಿಯನ್ನು ತಳ್ಳಲಾಗದು, ಆದರೂ ಆ ಪದವು ಅರ್ಥವನ್ನು ಸ್ವಲ್ಪ ತಿರುಚುವುದೆಂದು ಹೇಳಲೇಬೇಕಾಗಿದೆ. ನವೀಕರಿಸುವುದೆಂದರೆ ಬೇರೊಬ್ಬ ಕರ್ತೃವು ಹಳೆಯದನ್ನು ಹೊಸದಾಗಿ ಮಾಡುವುದು. ಗುತ್ತಿಗೆಯನ್ನೂ ಪರವಾನಗಿಯನ್ನೂ ನವೀಕರಿಸುವುದುಂಟು. ಬಿಸಿಲನ್ನು ಯಾರೂ ನವೀಕರಿಸುವುದಿಲ್ಲ, ಅದು ತಾನಾಗಿಯೇ ಹೊಸದಾಗುವುದು. ಬೇಸಗೆಯಲ್ಲಿ ಒಣಗಿ ಮಳೆಗೆ ಮತ್ತೆ ಚಿಗುರುವ ಕೊಮ್ಮೆಯ ಗಿಡಕ್ಕೆ ಆಯುರ್ವೇದದವರು ‘ಪುನರ್ನವಾ’ ಎಂದು ಹೆಸರಿಟ್ಟರು. ಆ ಪದವೇ ಇಲ್ಲಿಗೆ ಒಪ್ಪುವುದಾದುದರಿಂದ ಈ ಲೇಖನದಲ್ಲಿ ‘ಪುನರ್ನವಶಕ್ತಿ’ ಎಂದೇ ವ್ಯವಹರಿಸುವೆವು. ಮುಂದೆ ತೋರುವಂತೆ ಇದು ಬರಿಯ ಪದರುಚಿಯ ಮಾತಲ್ಲ; ಕರ್ತೃವು ಯಾರೆಂಬ ಗೊಂದಲವೇ ಲಕ್ಷಣದಲ್ಲಿಯೂ ನುಸುಳಿದೆ.

ಈಗ ಪರೀಕ್ಷ್ಯವಾದ ಲಕ್ಷಣವನ್ನು ನಿರೂಪಿಸುವೆವು. ವಿದ್ಯುತ್ತನ್ನು ಮಾರುವವರು ತಮ್ಮ ಮಾರಾಟದಲ್ಲಿ ಇಂತಿಷ್ಟು ಪಾಲನ್ನು ಪುನರ್ನವಮೂಲಗಳಿಂದಲೇ ಕೊಳ್ಳಬೇಕೆಂದು ವಿಧಿಸುವ ಶಾಸನಗಳು ಅಮೆರಿಕದ ಅನೇಕ ರಾಜ್ಯಗಳಲ್ಲಿ ಉಂಟು. ಕ್ಯಾಲಿಫೋರ್ನಿಯ ರಾಜ್ಯವು 2002ರಲ್ಲಿ ಇಂತಹ ಶಾಸನವನ್ನು ಮಾಡಿ, 2017ರೊಳಗೆ ಶೇಕಡ 20ರಷ್ಟು ಪಾಲನ್ನು ಮುಟ್ಟಬೇಕೆಂದು ಗೊತ್ತುಮಾಡಿತು. ಪಾಲನ್ನು ವಿಧಿಸಿದೊಡನೆ ‘ಯಾವುದು ಪುನರ್ನವ?’ ಎಂಬ ಪ್ರಶ್ನೆಯು ಬಂದೇ ಬರುವುದು. ಬಿಸಿಲು, ಗಾಳಿಗಳ ವಿಷಯದಲ್ಲಿ ಕ್ಯಾಲಿಫೋರ್ನಿಯದ ಉತ್ತರವು ಸರಳವಾಗಿದ್ದಿತು. ನೀರಿನ ವಿಷಯದಲ್ಲಿ ಮಾತ್ರ ಅಲ್ಲಿನ ಶಾಸನವು 30 ಮೆಗಾವ್ಯಾಟಿಗೆ ಮೀರದ ಸ್ಥಾವರವೇ ಪುನರ್ನವವೆಂದು ಗೆರೆಯೆಳೆಯಿತು. ಊರಿಗೆ ನೀರೊದಗಿಸುವ ಕಾಲುವೆಗಳ ವ್ಯವಸ್ಥೆಗೆ ಸೇರಿದ ಹಳೆಯ ಘಟಕಗಳಿಗೆ ಆ ಗೆರೆಯು 40ಕ್ಕೆ ಸರಿಯಿತು. ಮೇಯ್ನ್ ರಾಜ್ಯವು 100 ಮೆಗಾವ್ಯಾಟೆಂದು ವಿಧಿಸಿ ಗಾಳಿಯಂತ್ರಗಳನ್ನು ಆ ಮಿತಿಯಿಂದ ಹೊರಗಿಟ್ಟಿತು. ವರ್ಮಾಂಟ್ ರಾಜ್ಯದಲ್ಲಿ ಮಿತಿಯು 200 ಆಗಿದ್ದು, 2010ರಲ್ಲಿ ಅದನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. ಗಡಿಯಾಚೆಯ ಕೆನಡದ ಕ್ವಿಬೆಕ್ ಪ್ರಾಂತದ ಜಲವಿದ್ಯುತ್ತು ಅದರಿಂದ ಪುನರ್ನವವೆನಿಸಿತು. ಅಲ್ಲಿನ ರಾಬರ್ಟ್ ಬುರಾಸ ಎಂಬ ಒಂದು ಸ್ಥಾವರವೇ 5,616 ಮೆಗಾವ್ಯಾಟಿನದು. ವಾಷಿಂಗ್ಟನ್ ರಾಜ್ಯದ ಪ್ರಜೆಗಳು 2006ರಲ್ಲಿ ಮತದಾನದಿಂದ ಅಂಗೀಕರಿಸಿದ ಶಾಸನವು ಪರಿಮಾಣವನ್ನು ಬಿಟ್ಟು ಕಾಲವನ್ನು ಹಿಡಿಯಿತು: ಹಳೆಯ ಕಟ್ಟೆಗಳ ವಿದ್ಯುತ್ತು ಲೆಕ್ಕಕ್ಕಿಲ್ಲ, 1999ರ ಮಾರ್ಚಿಯ ತರುವಾಯ ಯಂತ್ರಗಳನ್ನು ಸುಧಾರಿಸಿ ಪಡೆದ ಹೆಚ್ಚಳ ಮಾತ್ರ ಲೆಕ್ಕಕ್ಕುಂಟು. ಕೊಲಂಬಿಯ ನದಿಯ ಮೇಲಣ 6,809 ಮೆಗಾವ್ಯಾಟಿನ ಗ್ರ್ಯಾಂಡ್ ಕೂಲಿ ಸ್ಥಾವರವು ಹೀಗೆ ತನ್ನ ರಾಜ್ಯದ ಗಣನೆಯಿಂದಲೇ ಹೊರಗುಳಿಯಿತು.

ಈ ವಿಚಾರವು ದೂರದೇಶದ್ದೆಂದು ನಮ್ಮವರು ಉಪೇಕ್ಷಿಸುವಂತಿಲ್ಲ. ಭಾರತದ 2003ರ ವಿದ್ಯುತ್ ಶಾಸನವು ತನ್ನ 86ನೆಯ ಪ್ರಕರಣದಲ್ಲಿ, ಪುನರ್ನವಮೂಲಗಳಿಂದ ಕೊಳ್ಳಬೇಕಾದ ಶೇಕಡಾಂಶವನ್ನು ಗೊತ್ತುಮಾಡುವ ಹೊಣೆಯನ್ನು ರಾಜ್ಯ ಆಯೋಗಗಳಿಗೆ ವಹಿಸಿತು. ಆದರೆ ಆ ಪದಕ್ಕೆ ಲಕ್ಷಣವನ್ನು ಹೇಳಲಿಲ್ಲ. ಲಕ್ಷಣವು ಆಡಳಿತದ ವಿಭಾಗಕ್ರಮದಿಂದ ಬಂದಿತು. 1989ರಲ್ಲಿ 3 ಮೆಗಾವ್ಯಾಟಿನವರೆಗಿನ ಜಲಸ್ಥಾವರಗಳೂ 1999ರಲ್ಲಿ 25ರವರೆಗಿನವೂ ಅಸಾಂಪ್ರದಾಯಿಕ ಶಕ್ತಿಯ ಇಲಾಖೆಗೆ ಸೇರಿದುವು; ಅದಕ್ಕೆ ಮೇಲಿನವು ವಿದ್ಯುತ್ ಇಲಾಖೆಯಲ್ಲಿಯೇ ಉಳಿದುವು. ಕಚೇರಿಗಳ ನಡುವಣ ಈ ಗೆರೆಯೇ ಕ್ರಮೇಣ ಪದಾರ್ಥಗಳ ನಡುವಣ ಗೆರೆಯಾಗಿ ಪರಿಣಮಿಸಿ, 25ಕ್ಕೆ ಒಳಗಿನದು ಪುನರ್ನವ, ಹೊರಗಿನದು ಅಲ್ಲ ಎಂಬ ವ್ಯವಹಾರವು ನೆಲೆಯೂರಿತು.

30, 40, 100, 200, 25: ಒಂದೇ ಪದಾರ್ಥದ ಲಕ್ಷಣದಲ್ಲಿ ಇಷ್ಟು ಸಂಖ್ಯೆಗಳು! ನೀರಿನ ಸ್ವಭಾವವು ರಾಜ್ಯದ ಗಡಿಯನ್ನು ದಾಟಿದೊಡನೆ ಬದಲಾಗದು. ಹಾಗಾದರೆ ಈ ಸಂಖ್ಯೆಯು ಪದಾರ್ಥದಲ್ಲಿರುವ ಧರ್ಮವೋ, ಹೇಳುವವನ ಇಚ್ಛೆಯಲ್ಲಿರುವ ಧರ್ಮವೋ ಎಂಬ ಸಂಶಯವು ಸಹಜವಾಗಿಯೇ ಹುಟ್ಟುವುದು.

ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗೂ ತಿಳಿದಿರುವಂತೆ ಲಕ್ಷಣಕ್ಕೆ ಮೂರು ದೋಷಗಳುಂಟು. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಗೋವು ಹೊರಗುಳಿಯುವುದು, ಇದು ಅವ್ಯಾಪ್ತಿ. ಕೊಂಬೇ ಲಕ್ಷಣವೆಂದರೆ ಎಮ್ಮೆಯೂ ಒಳಸೇರುವುದು, ಇದು ಅತಿವ್ಯಾಪ್ತಿ. ಒಂಟಿಗೊರಸೇ ಲಕ್ಷಣವೆಂದರೆ ಯಾವ ಗೋವಿಗೂ ಸಲ್ಲದು, ಇದು ಅಸಂಭವ. ಪ್ರಕೃತ ಲಕ್ಷಣಕ್ಕೆ ಅಸಂಭವವಂತೂ ಇಲ್ಲ. ಮಿಕ್ಕ ಎರಡನ್ನು ನೋಡಬೇಕು.

ಅವ್ಯಾಪ್ತಿಗೆ ಉದಾಹರಣೆಯು ನಮ್ಮ ಮನೆಯ ಅಂಗಳದಲ್ಲಿಯೇ ಇದೆ. 1902ರಲ್ಲಿ ಕಾವೇರಿಯ ನೀರಿನಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರದ ಸ್ಥಾವರವು ಬೆಳೆದು 42 ಮೆಗಾವ್ಯಾಟಿನದಾಯಿತು. ಅದೇ ಮಳವಳ್ಳಿ ತಾಲ್ಲೂಕಿನ ಶಿಂಷಾ ಸ್ಥಾವರವು 17.2 ಮೆಗಾವ್ಯಾಟಿನದು. 25ರ ಗೆರೆಯಂತೆ ಶಿಂಷಾ ಪುನರ್ನವ, ಶಿವನಸಮುದ್ರವು ಅಲ್ಲ. ನೂರಿಪ್ಪತ್ತು ವರ್ಷಗಳಿಗೂ ಮೀರಿ ವರ್ಷವರ್ಷವೂ ಮಳೆಯಿಂದ ಮತ್ತೆ ತುಂಬಿ ಬಂದ ಪ್ರವಾಹವನ್ನು ‘ಮತ್ತೆ ಒದಗದ್ದು’ ಎಂದು ಗಣಿಸುವ ಲಕ್ಷಣವು ಅವ್ಯಾಪ್ತವಲ್ಲದೆ ಮತ್ತೇನು? ಇನ್ನೂ ಸೂಕ್ಷ್ಮವಾದ ನಿದರ್ಶನವು ವಾರಾಹಿಯಲ್ಲಿ ಕಾಣುವುದು. ಮಾಣಿಯ ಜಲಾಶಯದ ನೀರು ಕಟ್ಟೆಯ ಬುಡದ 9 ಮೆಗಾವ್ಯಾಟಿನ ಮನೆಯಲ್ಲಿ ಯಂತ್ರವನ್ನು ತಿರುಗಿಸಿ, ಮುಂದೆ ಘಟ್ಟದೊಳಗಿನ 460 ಮೆಗಾವ್ಯಾಟಿನ ನೆಲದಡಿಯ ಮನೆಗೆ ಬೀಳುವುದು. ಮೊದಲ ಮನೆಯು ಗೆರೆಯ ಒಳಗೆ, ಎರಡನೆಯದು ಹೊರಗೆ. ಒಂದೇ ನೀರು ಕಟ್ಟೆಯ ಬುಡದಲ್ಲಿ ಪುನರ್ನವವಾಗಿದ್ದು, ಘಟ್ಟವನ್ನಿಳಿಯುವಷ್ಟರಲ್ಲಿ ಆ ಧರ್ಮವನ್ನು ಕಳೆದುಕೊಳ್ಳುವುದೆಂದು ಹೇಳಿದಂತಾಯಿತು!

ಅನ್ವಯವ್ಯತಿರೇಕಗಳಿಂದ ಪರೀಕ್ಷಿಸಿದರೂ ಇದೇ ಫಲ. ಸಣ್ಣತನವು ಪುನರ್ನವತ್ವಕ್ಕೆ ಪ್ರಯೋಜಕವಾದ ಧರ್ಮವಾಗಿದ್ದರೆ ಅದು ಎಲ್ಲ ಮೂಲಗಳಿಗೂ ಸಮಾನವಾಗಿ ಅನ್ವಯಿಸಬೇಕಾಗಿದ್ದಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವ್ಯಾಟಿನ ಸೌರಕ್ಷೇತ್ರವಿದೆ. ಅದು ಪುನರ್ನವವೆಂಬುದನ್ನು ಯಾವ ಶಾಸನವೂ ಸಂಶಯಿಸಲಿಲ್ಲ. ಇನ್ನು ವ್ಯತಿರೇಕಕ್ಕೆ, ಒಂದು ಮೆಗಾವ್ಯಾಟಿಗೂ ಕಡಿಮೆಯಾದ ಡೀಸೆಲ್ ಯಂತ್ರವು ಎಷ್ಟೇ ಸಣ್ಣದಾದರೂ ಪುನರ್ನವವಾಗದು. ಪರಿಮಾಣವು ದೊಡ್ಡದಾದಾಗಲೂ ಪುನರ್ನವತ್ವವಿದೆ, ಸಣ್ಣದಾದಾಗಲೂ ಇಲ್ಲದಿರುವುದುಂಟು. ಆದುದರಿಂದ ಎರಡಕ್ಕೂ ವ್ಯಾಪ್ತಿಸಂಬಂಧವಿಲ್ಲವೆಂಬುದು ಸಿದ್ಧವಾಯಿತು.

ಇಲ್ಲಿ ಪೂರ್ವಪಕ್ಷಿಯು ಹೀಗೆಂದಾನು: ‘ಶಾಸನಕಾರನು ತರ್ಕಪಾಠವನ್ನು ಬರೆಯಹೊರಟವನಲ್ಲ. ಅವನಿಗೆ ಪ್ರಯೋಜನವೇ ಮುಖ್ಯ. ಹಿಂದೆಯೇ ಕಟ್ಟಿ ಮುಗಿದಿರುವ ದೊಡ್ಡ ಕಟ್ಟೆಗಳನ್ನು ಲೆಕ್ಕಕ್ಕೆ ಹಿಡಿದರೆ ವಿಧಿಸಿದ ಪಾಲು ಮೊದಲ ದಿನವೇ ತುಂಬಿಹೋಗಿ, ಹೊಸ ಗಾಳಿಯಂತ್ರವೊಂದೂ ಏಳಲಾರದು. ಮೇಲಾಗಿ ದೊಡ್ಡ ಕಟ್ಟೆಯು ಕಾಡನ್ನು ಮುಳುಗಿಸುವುದು, ಊರನ್ನೆಬ್ಬಿಸುವುದು, ಮೀನಿನ ದಾರಿಯನ್ನು ತಡೆಯುವುದು. ಅದನ್ನು ಹೊರಗಿಡಲು ಸಂಖ್ಯೆಗಿಂತ ಸುಲಭವಾದ ಉಪಾಯವೇನಿದೆ?’ ಈ ಪೂರ್ವಪಕ್ಷವು ದುರ್ಬಲವಾದುದಲ್ಲ. ಇದರಲ್ಲಿ ಎರಡು ಅಂಶಗಳಿವೆ. ಎರಡಕ್ಕೂ ಬೇರೆಬೇರೆಯಾಗಿ ಉತ್ತರವನ್ನು ಹೇಳಬೇಕು.

ಮೊದಲನೆಯದು ಪ್ರೋತ್ಸಾಹದ ವಿಚಾರ. ಬೆಳೆದು ನಿಂತ ಮರಕ್ಕೆ ನೀರೆರೆಯಬೇಕಾದುದಿಲ್ಲ, ಸಸಿಗೆ ಎರೆಯಬೇಕು ಎಂಬ ನೀತಿಯನ್ನು ನಾವು ಮನಸಾರೆ ಒಪ್ಪುವೆವು. ಆದರೆ ‘ಈ ಮರಕ್ಕೆ ನೀರು ಬೇಡ’ ಎಂದು ಹೇಳುವ ಬದಲು ‘ಇದು ಮರವೇ ಅಲ್ಲ’ ಎಂದು ಹೇಳಬೇಕಾದ ಆವಶ್ಯಕತೆಯಿಲ್ಲ. ನಮ್ಮ ಶಾಸ್ತ್ರದಲ್ಲಿ ಲಕ್ಷಣವೂ ಉಪಲಕ್ಷಣವೂ ಬೇರೆ. ಕಾಗೆ ಕುಳಿತಿರುವ ಮನೆಯು ದೇವದತ್ತನದೆಂದು ತೋರಿಸಿದರೆ ಕೇಳಿದವನಿಗೆ ಮನೆಯು ತಿಳಿಯುವುದು. ಕಾಗೆಯು ಹಾರಿಹೋದರೆ ಮನೆಯು ದೇವದತ್ತನದಾಗದೆ ಇರದು. ಮೆಗಾವ್ಯಾಟಿನ ಸಂಖ್ಯೆಯು ಇಂತಹ ಕಾಗೆ. ಇಂತಹವರಿಗೆ ಸಹಾಯವೆಂದು ತೋರಿಸುವುದಕ್ಕೆ ಅದು ಸಾಕು. ವಸ್ತುವಿನ ಸ್ವರೂಪವನ್ನು ಹೇಳುವುದಕ್ಕೆ ಸಾಲದು. ವರ್ಮಾಂಟಿನಲ್ಲಿ 2010ರಲ್ಲಿ ಕಾಗೆಯು ಹಾರಿಹೋಯಿತು, ನೀರು ಮೊದಲಿನಂತೆಯೇ ಹರಿಯಿತು. ಕ್ಯಾಲಿಫೋರ್ನಿಯವು 2018ರಲ್ಲಿ ಮಾಡಿದ ಶಾಸನದಲ್ಲಿ, 2045ರ ಹೊತ್ತಿಗೆ ಎಲ್ಲ ವಿದ್ಯುತ್ತೂ ಪುನರ್ನವ ‘ಮತ್ತು ಇಂಗಾಲರಹಿತ’ ಮೂಲಗಳಿಂದ ಬರಬೇಕೆಂದು ಹೇಳಿ, ಒಂದು ಬಾಗಿಲಿನಿಂದ ಹೊರಗೆ ಕಳುಹಿಸಿದ ದೊಡ್ಡ ಜಲಸ್ಥಾವರವನ್ನು ಮತ್ತೊಂದು ಬಾಗಿಲಿನಿಂದ ಒಳಗೆ ಕರೆಯಿತು. ಮೊದಲ ಪದಕ್ಕೆ ಸರಿಯಾದ ಅರ್ಥವನ್ನಿಟ್ಟಿದ್ದರೆ ಎರಡನೆಯ ಬಾಗಿಲಿನ ಆವಶ್ಯಕತೆಯು ಇಷ್ಟಾಗಿ ತೋರುತ್ತಿರಲಿಲ್ಲ. ಈ ದೃಷ್ಟಿಯಿಂದ ವಾಷಿಂಗ್ಟನ್ನಿನ ಶಾಸನವು ಉಳಿದವುಗಳಿಗಿಂತ ಒಂದು ಹೆಜ್ಜೆ ಮುಂದಿದೆಯೆನ್ನಬಹುದು: ಪ್ರೋತ್ಸಾಹಕ್ಕೆ ಹೊಸದೇ ಯೋಗ್ಯವೆಂಬ ತನ್ನ ಅಭಿಪ್ರಾಯವನ್ನು ಅದು ದಿನಾಂಕದ ಮೂಲಕ ನೇರವಾಗಿಯೇ ಹೇಳಿತು, ಪರಿಮಾಣದ ಮರೆಯಲ್ಲಿ ಹೇಳಲಿಲ್ಲ.

ಎರಡನೆಯದು ಹಾನಿಯ ವಿಚಾರ. ಇದೇ ಹೆಚ್ಚು ಗುರುತರವಾದುದು. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಸದೃಶವಾದ ಪ್ರಸಿದ್ಧ ವಾದವೊಂದಿದೆ. ಮಮ್ಮಟನು ಕಾವ್ಯಲಕ್ಷಣದಲ್ಲಿಯೇ ನಿರ್ದೋಷತ್ವವನ್ನು ಸೇರಿಸಿದನು. ವಿಶ್ವನಾಥನು ಇದನ್ನು ಖಂಡಿಸಿ, ದೋಷವು ಕಾವ್ಯದ ತಾರತಮ್ಯವನ್ನು ತಗ್ಗಿಸಬಹುದೇ ಹೊರತು ಕಾವ್ಯತ್ವವನ್ನೇ ಕಳೆಯಲಾರದೆಂದು ಸಾಧಿಸಿದನು. ಪ್ರಕೃತಕ್ಕೆ ವಿಶ್ವನಾಥನ ಮಾರ್ಗವೇ ಶ್ರೇಯಸ್ಕರವೆಂದು ನಮ್ಮ ಮತ. ಊರನ್ನು ಮುಳುಗಿಸಿದ ಸ್ಥಾವರದ ಶಕ್ತಿಯೂ ಪುನರ್ನವವೇ; ಆದರೆ ಅದು ದುಷ್ಟವಾದ ಪುನರ್ನವ. ದೋಷವನ್ನು ದೋಷಪ್ರಕರಣದಲ್ಲಿ ವಿಚಾರಿಸಬೇಕು, ಅದರ ಭಾರವನ್ನು ಲಕ್ಷಣದ ತಲೆಯ ಮೇಲೆ ಹೊರಿಸಬಾರದು. ಒಂದು ವೇಳೆ ಮಮ್ಮಟನ ಮಾರ್ಗವನ್ನೇ ಹಿಡಿದು ನಿರ್ದೋಷತ್ವವನ್ನು ಲಕ್ಷಣದಲ್ಲಿ ಸೇರಿಸುವುದಾದರೂ, ಸೇರಿಸಬೇಕಾದುದು ದೋಷದ ಅಭಾವವನ್ನೇ ಹೊರತು ಪರಿಮಾಣದ ಅಲ್ಪತೆಯನ್ನಲ್ಲ. ಶ್ಲೋಕವು ಸಣ್ಣದಾದ ಮಾತ್ರಕ್ಕೆ ನಿರ್ದೋಷವಾಗದು, ಮಹಾಕಾವ್ಯವು ದೊಡ್ಡದಾದ ಮಾತ್ರಕ್ಕೆ ಸದೋಷವಾಗದು.

ಮೆಗಾವ್ಯಾಟೆಂಬ ಅಳತೆಯು ಹಾನಿಯನ್ನು ಅಳೆಯಲಾರದೆಂಬುದಕ್ಕೆ ಯಂತ್ರಶಾಸ್ತ್ರದ್ದೇ ಪ್ರಮಾಣವಿದೆ. ಜಲಸ್ಥಾವರದ ಸಾಮರ್ಥ್ಯವು ನೀರಿನ ಮೊತ್ತ, ಬೀಳುವ ಎತ್ತರ ಎಂಬ ಎರಡರ ಗುಣಾಕಾರದಿಂದ ಬರುವುದು. ಸೆಕೆಂಡಿಗೆ ಒಂದು ಘನಮೀಟರಿನಂತೆ ನೀರು 100 ಮೀಟರ್ ಬಿದ್ದರೆ, ಯಂತ್ರದ ನಷ್ಟವನ್ನು ಬಿಟ್ಟು, ಸುಮಾರು ಒಂದು ಮೆಗಾವ್ಯಾಟು. ಆದುದರಿಂದ 25 ಮೆಗಾವ್ಯಾಟನ್ನು 500 ಮೀಟರ್ ಎತ್ತರದಿಂದ ಪಡೆಯಲು ಸೆಕೆಂಡಿಗೆ ಸುಮಾರು 5 ಘನಮೀಟರ್ ನೀರು ಸಾಕು. 10 ಮೀಟರ್ ಎತ್ತರದಿಂದ ಪಡೆಯಲು 250ಕ್ಕೂ ಹೆಚ್ಚು ಬೇಕು. ಎರಡೂ ಗೆರೆಯ ಮೇಲೆ ಒಂದೇ ಕಡೆ ನಿಲ್ಲುವುವು. ಹೊಳೆಯ ಮೇಲೆ ಅವುಗಳ ವ್ಯಾಪಾರವು ಬೇರೆಬೇರೆ. ಇನ್ನು ಸಣ್ಣ ಸ್ಥಾವರವು ಹಳ್ಳದ ನೀರನ್ನೆಲ್ಲ ಕೊಳವೆಗೆ ತಿರುಗಿಸಿ, ಕಟ್ಟೆಯಿಂದ ಯಂತ್ರದ ಮನೆಯವರೆಗಿನ ಪಾತ್ರವನ್ನು ಬೇಸಗೆಯಲ್ಲಿ ಬರಿದುಮಾಡಬಹುದು. ಒಂದೇ ಹೊಳೆಯ ಮೇಲೆ ಸಾಲಾಗಿ ಹಲವು ಬಂದರೆ ಪ್ರತಿಯೊಂದೂ ಸಣ್ಣದೇ, ಸಮುದಾಯವು ಸಣ್ಣದಲ್ಲ. ಇದೇ ಅತಿವ್ಯಾಪ್ತಿ: ನಿರುಪದ್ರವಿಯನ್ನು ಗುರುತಿಸಲು ಹೊರಟ ಲಕ್ಷಣವು ಉಪದ್ರವಿಯನ್ನೂ ಒಳಗೆ ಬಿಟ್ಟುಕೊಂಡಿತು.

ನಮ್ಮ ದೇಶದಲ್ಲಿ ಈ ಅತಿವ್ಯಾಪ್ತಿಯು ಇಮ್ಮಡಿಯಾಯಿತು. 2006ರ ಸೆಪ್ಟೆಂಬರಿನಲ್ಲಿ ಹೊರಟ ಪರಿಸರ ಪ್ರಕಟಣೆಯು 25 ಮೆಗಾವ್ಯಾಟಿಗೆ ಕಡಿಮೆಯಾದ ಜಲವಿದ್ಯುತ್ ಯೋಜನೆಗಳನ್ನು ಪೂರ್ವಪರೀಕ್ಷೆಯ ಪಟ್ಟಿಯಿಂದ ಹೊರಗಿಟ್ಟಿತು. ಪ್ರೋತ್ಸಾಹದ ಗೆರೆಯೂ ಪರೀಕ್ಷೆಯ ಗೆರೆಯೂ ಒಂದೇ ಅಂಕದ ಮೇಲೆ ಬಂದು ನಿಂತವು. ಗೆರೆಯ ಒಳಗಿನವನಿಗೆ ಸಹಾಯವೂ ಉಂಟು, ವಿಚಾರಣೆಯೂ ಇಲ್ಲ. ನೇತ್ರಾವತಿಯ ಮೇಲೆ 24.75 ಮೆಗಾವ್ಯಾಟಿನ ಸ್ಥಾವರವು ಕಾಣಿಸಿಕೊಂಡುದನ್ನು ನೋಡಿದರೆ, ಆ ಸಂಖ್ಯೆಯನ್ನು ಹೊಳೆಯು ಹೇಳಿತೋ ಗೆರೆಯು ಹೇಳಿತೋ ಎಂದು ವಾಚಕರೇ ಊಹಿಸಬಹುದು. ಲಕ್ಷಣವು ಲಕ್ಷ್ಯವನ್ನು ಅನುಸರಿಸಬೇಕು. ಇಲ್ಲಿ ಲಕ್ಷ್ಯವು ಲಕ್ಷಣವನ್ನು ಅನುಸರಿಸಿ ತನ್ನ ದೇಹವನ್ನು ಸಂಕೋಚಿಸಿಕೊಳ್ಳತೊಡಗಿತು.

2019ರ ಮಾರ್ಚಿ 8ರ ಆಜ್ಞೆಯಿಂದ ಕೇಂದ್ರಸರ್ಕಾರವು 25ಕ್ಕೆ ಮೇಲ್ಪಟ್ಟ ಜಲಸ್ಥಾವರಗಳನ್ನೂ ಪುನರ್ನವವೆಂದು ಸಾರಿತು. ಇದರಿಂದ ಅವ್ಯಾಪ್ತಿಯು ನಿವಾರಿತವಾಯಿತೆಂದು ಸಂತೋಷಪಡಬೇಕಾದುದೇ. ವಿಶೇಷ ಪ್ರೋತ್ಸಾಹವನ್ನು ಆ ದಿನದ ತರುವಾಯ ಕಾರ್ಯಾರಂಭಮಾಡಿದ ಸ್ಥಾವರಗಳಿಗೆ ಮಾತ್ರ ಕೊಟ್ಟುದರಿಂದ, ಹೆಸರು ಬೇರೆ, ಸಹಾಯ ಬೇರೆ ಎಂಬ ವಿವೇಕವೂ ಅಲ್ಲಿ ಕಾಣುವುದು. ಆದರೆ ಅರಣ್ಯ, ಪರಿಸರ ಮುಂತಾದ ಅನುಮತಿಗಳಲ್ಲಿ ಸಣ್ಣವಕ್ಕಿರುವ ರಿಯಾಯಿತಿಯು ದೊಡ್ಡವಕ್ಕೆ ತಾನಾಗಿ ದೊರೆಯದೆಂದು ಅದೇ ಆಜ್ಞೆಯು ಹೇಳಿತು. ದೊಡ್ಡವುಗಳ ವಿಷಯದಲ್ಲಿ ಇದು ಯುಕ್ತವೇ; ಸಣ್ಣವುಗಳ ರಿಯಾಯಿತಿಯನ್ನು ಮುಟ್ಟದೆ ಬಿಟ್ಟುದೇ ಕೊರತೆ. 25ರ ಅಂಕವು ಹೆಸರಿನ ಸ್ಥಾನವನ್ನು ಬಿಟ್ಟು, ತಾನು ಎಲ್ಲಕ್ಕಿಂತ ಅಯೋಗ್ಯವಾಗಿದ್ದ ಹಾನಿವಿಚಾರದ ಸ್ಥಾನದಲ್ಲಿಯೇ ಉಳಿದುಕೊಂಡಂತಾಯಿತು.

ಹಾಗಾದರೆ ನಿಮ್ಮ ಲಕ್ಷಣವೇನು ಎಂದು ಕೇಳಿದರೆ, ಖಂಡನಮಾತ್ರದಿಂದ ತೃಪ್ತಿಪಡುವುದು ಶಾಸ್ತ್ರಮರ್ಯಾದೆಯಲ್ಲವಾದುದರಿಂದ ಒಂದನ್ನು ಸೂಚಿಸುವೆವು: ಪ್ರಕೃತಿಯ ಸಹಜವ್ಯಾಪಾರದಿಂದಲೇ ಮನುಷ್ಯನ ಆಯುರ್ಮಾನದೊಳಗೆ ಮರಳಿ ತುಂಬುವ ಮೂಲದಿಂದ ಪಡೆದ ಶಕ್ತಿಯು ಪುನರ್ನವಶಕ್ತಿ. ಇದರ ಪದಕೃತ್ಯವು ಹೀಗೆ. ಕಲ್ಲಿದ್ದಲೂ ಕೋಟ್ಯಂತರ ವರ್ಷಗಳಲ್ಲಿ ಮತ್ತೆ ಆಗಬಹುದಾದುದರಿಂದ ಅದರಲ್ಲಿ ಅತಿವ್ಯಾಪ್ತಿಯನ್ನು ತಡೆಯಲು ‘ಮನುಷ್ಯನ ಆಯುರ್ಮಾನದೊಳಗೆ’ ಎಂದು ಹೇಳಿದೆ. ವಿದ್ಯುತ್ತಿನಿಂದಲೇ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸುವ ಸ್ಥಾವರವು ಶಕ್ತಿಯನ್ನು ಕೂಡಿಡುವುದೇ ಹೊರತು ಹುಟ್ಟಿಸುವುದಿಲ್ಲ. ಅದರ ವಾರಣಕ್ಕಾಗಿ ‘ಸಹಜವ್ಯಾಪಾರದಿಂದಲೇ’ ಎಂದಿದೆ. ಕಬ್ಬಿನ ಸಿಪ್ಪೆಯನ್ನುರಿಸುವ ಸ್ಥಾವರದಲ್ಲಿ ಅವ್ಯಾಪ್ತಿಯನ್ನು ಶಂಕಿಸಬೇಕಾದುದಿಲ್ಲ. ನೆಡುವವನು ರೈತನಾದರೂ ಬೆಳೆಯಿಸುವುದು ಬಿಸಿಲೇ. ಇದರಲ್ಲಿ ಸಂಖ್ಯೆಗೆ ಎಡೆಯೇ ಇಲ್ಲವೆಂಬುದನ್ನು ವಿದ್ವಾಂಸರು ಗಮನಿಸಬೇಕು.

ಇದರ ಮೇಲೆ ಶಾಸನವು ಬೇರೆ ಎರಡು ವಾಕ್ಯಗಳನ್ನು ಬರೆಯಲಿ. ಯಾರಿಗೆ ಸಹಾಯವೆಂಬುದು ಒಂದು; ಅಲ್ಲಿ ಸಂಖ್ಯೆಯೂ ದಿನಾಂಕವೂ ಧಾರಾಳವಾಗಿ ಬರಲಿ, ಕಾಲಕ್ಕೆ ತಕ್ಕಂತೆ ಬದಲಾಗಲಿ. ಯಾವ ಹಾನಿಯು ಸಹ್ಯವಲ್ಲವೆಂಬುದು ಮತ್ತೊಂದು; ಅಲ್ಲಿ ಹೊಳೆಯಲ್ಲಿ ಉಳಿಯಬೇಕಾದ ನೀರು, ಮುಳುಗುವ ನೆಲ, ಒಂದೇ ಹೊಳೆಯ ಮೇಲಣ ಯೋಜನೆಗಳ ಸಮುದಾಯ ಇವೇ ಅಳತೆಗಳಾಗಲಿ. ಇದು ಅಸಾಧ್ಯವಾದುದಲ್ಲ. ಹೊಸ ಜಲಸ್ಥಾವರವು ಹೊಳೆಯ ನೀರಿನ ಉಪಯೋಗಗಳಿಗೆ ಬಾಧಕವಾಗಬಾರದೆಂಬ ನಿಯಮವನ್ನು ಕ್ಯಾಲಿಫೋರ್ನಿಯದ ಶಾಸನವೇ ತನ್ನ 30ರ ಅಂಕದ ಪಕ್ಕದಲ್ಲಿಟ್ಟಿದೆ. ಆ ನಿಯಮವು ಪ್ರಧಾನವಾಗಿ, ಅಂಕವು ಗೌಣವಾಗಬೇಕೆಂಬುದೇ ನಮ್ಮ ವಾದದ ಸಾರ.

ಸ್ವರೂಪ, ಅನುಗ್ರಹ, ದೋಷ ಈ ಮೂರನ್ನೂ ಒಂದೇ ಪದದ ಹೊಟ್ಟೆಯಲ್ಲಿ ತುರುಕಿದುದರಿಂದಲೇ ಒಂದು ಹೊಳೆಯು ಗೆರೆಯ ಈಚೆಗೆ ಪುನರ್ನವವಾಗಿ ಆಚೆಗೆ ಅನ್ಯಥಾ ಆಯಿತು. ಪದಗಳಿಗೆ ಅರ್ಥವನ್ನು ಕಾಯ್ದುಕೊಡುವುದು ಶಬ್ದಶಾಸ್ತ್ರವನ್ನು ಓದಿದವರ ಧರ್ಮ. ಶಾಸನಗಳ ಕನ್ನಡರೂಪಗಳನ್ನು ಸಿದ್ಧಪಡಿಸುವವರು ಈ ವಿವೇಕವನ್ನು ಮೊದಲಿನಿಂದಲೇ ವಹಿಸಬೇಕೆಂದು ಪ್ರಾರ್ಥಿಸಿ, ಗುಣದೋಷಗಳನ್ನು ವಿದ್ವಜ್ಜನರ ಪರಾಮರ್ಶಕ್ಕೆ ಒಪ್ಪಿಸಿ ವಿರಮಿಸುವೆವು.